ನೋಟ್ಸ್ ಬರೆದುಕೊಂಡು ಹೋದ ಡಾಕ್ಟರ್: ಫ್ರಾನ್ಸಿಸ್ ಬುಕಾನನ್

ದೊಡ್ಡಬಳ್ಳಾಪುರ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಘಾಟಿ ಸುಬ್ರಹ್ಮಣ್ಯ, ಪವರ್‌ಲೂಮ್ ಸದ್ದು, ಇಲ್ಲಾಂದ್ರೆ ವೀಕೆಂಡ್‌ನಲ್ಲಿ ಬೈಕ್ ಹತ್ತಿ ನಂದಿ ಬೆಟ್ಟದ ಕಡೆ ಸುತ್ತೋದು. 1800ನೇ ಇಸವಿಯ ಮಳೆಗಾಲದಲ್ಲಿ ಈ ಊರಿಗೆ ಸ್ಕಾಟ್ಲೆಂಡಿನ ಒಬ್ಬ ಸರ್ಜನ್ ಬಂದಿದ್ದ. ಹೆಸರು ಫ್ರಾನ್ಸಿಸ್ ಬುಕಾನನ್, ವಯಸ್ಸು 38. ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್. ಆದ್ರೆ ಅವನು ಇಲ್ಲಿಗೆ ಯಾರ ನಾಡಿ ನೋಡೋಕೂ ಬಂದಿರಲಿಲ್ಲ. ಒಂದು ಕೊಳಗ ರಾಗಿ ಬಿತ್ತಿದ್ರೆ ಎಷ್ಟು ಕೊಳಗ ಬರುತ್ತೆ, ನೇಕಾರನಿಗೆ ನೂಲು ಎಲ್ಲಿಂದ ಬರುತ್ತೆ, ಕೆರೆ ತೂಬು ತೆಗೆಯೋರು ಯಾರು, ಕಬ್ಬಿಣ ಕಾಯಿಸೋಕೆ ಎಷ್ಟು ಇದ್ದಿಲು ಬೇಕು, ಇಂಥ ಪ್ರಶ್ನೆಗಳನ್ನು ಕೇಳ್ತಾ, ಉತ್ತರಗಳನ್ನು ಬರೆದುಕೊಳ್ತಾ ಹೋದ. ಬೆಂಗಳೂರಿನ ಸುತ್ತಮುತ್ತ ಇನ್ನೂರು ವರ್ಷಗಳ ಹಿಂದೆ ಜನ ಹೇಗೆ ಉಳುತ್ತಿದ್ದರು, ಹೇಗೆ ನೇಯುತ್ತಿದ್ದರು ಅಂತ ಇವತ್ತು ಯಾರೇ ಬರೆದರೂ ಅವನ ಪುಸ್ತಕ ತೆರೆಯಲೇಬೇಕು.

ನಮ್ಮ ಊರಿನ ಕಥೆ ಒಬ್ಬ ಹೊರಗಿನವನ ನೋಟ್‌ಬುಕ್ಕಿನಲ್ಲಿ ಯಾಕೆ ಉಳಿಯಿತು, ಆ ನೋಟ್‌ಬುಕ್ ಯಾರಿಗೆ ಬೇಕಾಗಿತ್ತು, ಕೊನೆಗೆ ಅದನ್ನು ಬರೆದವನ ಗತಿ ಏನಾಯಿತು ಅನ್ನೋದನ್ನೆಲ್ಲ ಅವನ ಜೀವನದ ಜೊತೆಯಲ್ಲೇ ನೋಡೋಣ.

ಕಳೆದುಹೋದ ನೋಟ್ಸ್

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಶೈರ್ ಪ್ರಾಂತ್ಯದಲ್ಲಿ. ಮನೆಯವರು ಸ್ಥಿತಿವಂತರು. ಓದಿದ್ದು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ, ವೈದ್ಯಕೀಯ. ಆ ಕಾಲಕ್ಕೆ ಯೂರೋಪಿನಲ್ಲೇ ದೊಡ್ಡ ಹೆಸರಿದ್ದ ಮೆಡಿಕಲ್ ಕಾಲೇಜು ಅದು. ಅಲ್ಲಿ ಸಸ್ಯಶಾಸ್ತ್ರ ಹೇಳಿಕೊಡ್ತಿದ್ದ ಪ್ರೊಫೆಸರ್ ಜಾನ್ ಹೋಪ್. 1780ರಲ್ಲಿ ಹೋಪ್ ಅವರ ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆದುಕೊಂಡಾಗ ಬುಕಾನನ್‌ಗೆ ಹದಿನೆಂಟು ವರ್ಷ. ಅಂದ್ರೆ ಹೆಚ್ಚೂಕಡಿಮೆ ನಮ್ಮದೇ ವಯಸ್ಸು.

ಈ ನೋಟ್ಸ್‌ಗೆ ಒಂದು ಕಥೆ ಇದೆ. 1783ರಲ್ಲಿ ಡಿಗ್ರಿ ಮುಗಿಸಿ ಅವನು ಏಷ್ಯಾದ ಕಡೆ ಬರೋ ಹಡಗುಗಳಲ್ಲಿ ಸರ್ಜನ್ ಕೆಲಸ ಹಿಡಿದ. 1785ರ ಒಂದು ಪ್ರಯಾಣದಲ್ಲಿ ಅದೇ ಹಡಗಿನಲ್ಲಿದ್ದ ಅಲೆಕ್ಸಾಂಡರ್ ಬಾಸ್ವೆಲ್ ಅನ್ನೋನು ಆ ನೋಟ್ಸ್ ಕೇಳಿ ಇಸ್ಕೊಂಡ. ಕೊಟ್ಟ ನೋಟ್ಸ್ ವಾಪಸ್ ಬರದೇ ಇರೋದು ಎಲ್ಲ ಕಾಲದಲ್ಲೂ ಇದ್ದದ್ದೇ. ಬಾಸ್ವೆಲ್ ಅದನ್ನು ಸತ್ಯಮಂಗಲದಲ್ಲಿ ಕಳೆದುಕೊಂಡ. ಇವತ್ತು ತಮಿಳುನಾಡಿನಲ್ಲಿರುವ ಆ ಊರು ಆಗ ಮೈಸೂರಿನ ಸೀಮೆ. ಅಲ್ಲಿಂದ ಆ ನೋಟ್ಸ್ ಟಿಪ್ಪು ಸುಲ್ತಾನನ ಕೈ ಸೇರಿತು. ಟಿಪ್ಪು ಅದನ್ನು ಬಿಸಾಡಲಿಲ್ಲ, ಹೊಸದಾಗಿ ಬೈಂಡ್ ಮಾಡಿಸಿ ತನ್ನ ಗ್ರಂಥಾಲಯದಲ್ಲಿ ಇಡಿಸಿದ. ಶ್ರೀರಂಗಪಟ್ಟಣ ಬಿದ್ದ ಮೇಲೆ, 1800ರಲ್ಲಿ, ಆ ಗ್ರಂಥಾಲಯದಲ್ಲಿ ಒಬ್ಬ ಮೇಜರ್‌ಗೆ ಅದು ಸಿಕ್ಕಿತು. ಅವನು ಅದನ್ನು ಬುಕಾನನ್‌ಗೇ ವಾಪಸ್ ಕೊಟ್ಟ. ಹದಿನೈದು ವರ್ಷಗಳ ಹಿಂದೆ ಹಡಗಿನಲ್ಲಿ ಕೊಟ್ಟ ಕಾಲೇಜ್ ನೋಟ್ಸ್, ರಾಜನೊಬ್ಬ ಹಾಕಿಸಿದ ಹೊಸ ರಟ್ಟಿನ ಜೊತೆ ಮತ್ತೆ ಕೈಗೆ ಬಂತು.

ಡಾಕ್ಟರ್‌ಗೆ ಗಿಡದ ಕೆಲಸ ಯಾಕೆ?

ಒಬ್ಬ ಸರ್ಜನ್‌ನ ಕೈಗೆ ರಾಗಿ, ಹತ್ತಿ, ಕಬ್ಬಿಣದ ಸರ್ವೆ ಯಾಕೆ ಕೊಟ್ಟರು ಅನ್ನೋ ಪ್ರಶ್ನೆ ಬರೋದು ಸಹಜ. ಆಗ ಔಷಧಿ ಅಂದ್ರೆ ಬಹುಪಾಲು ಗಿಡದ ಬೇರು, ತೊಗಟೆ, ಎಲೆ. ಗಿಡ ಗುರುತಿಸೋಕೆ ಬಾರದ ಡಾಕ್ಟರ್ ಡಾಕ್ಟರೇ ಅಲ್ಲ. ಹಾಗಾಗಿ ವೈದ್ಯಕೀಯ ಓದುವವರೆಲ್ಲ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಲೇಬೇಕಿತ್ತು. ಕಂಪನಿಯ ನೌಕರರಲ್ಲಿ ವಿಜ್ಞಾನ ಕಲಿತು ಬಂದವರು ಅಂದ್ರೆ ಮುಖ್ಯವಾಗಿ ಈ ಸರ್ಜನ್‌ಗಳೇ. ಕಲ್ಕತ್ತದ ಸಸ್ಯೋದ್ಯಾನ ಬೆಳೆಸಿದ ವಿಲಿಯಂ ರಾಕ್ಸ್‌ಬರ್ಗ್ ಸರ್ಜನ್. ನಮ್ಮ ಲಾಲ್‌ಬಾಗ್‌ನಲ್ಲಿ ಕೆಲಸ ಮಾಡಿದ ಬೆಂಜಮಿನ್ ಹೇನ್ ಸರ್ಜನ್. ಮುಂದೆ ಶಿವಮೊಗ್ಗದಲ್ಲಿ ಇದ್ದು, ಮದ್ರಾಸಿನ ಅರಣ್ಯ ಇಲಾಖೆ ಕಟ್ಟಿದ ಹ್ಯೂ ಕ್ಲೆಗ್‌ಹಾರ್ನ್ ಕೂಡ ಸರ್ಜನ್. ಇವತ್ತು ಬೇರೆ ಬೇರೆ ಬ್ರಾಂಚಿನವರು ಮಾಡೋ ಕೆಲಸವನ್ನೆಲ್ಲ ಆಗ ಒಬ್ಬನೇ ಡಾಕ್ಟರ್ ಮಾಡಬೇಕಿತ್ತು.

ಬುಕಾನನ್ ಡಿಗ್ರಿಗೆ ಬರೆದ ಪ್ರಬಂಧ ಬಿಟ್ಟುಬಿಟ್ಟು ಬರುವ ಜ್ವರದ ಬಗ್ಗೆ. ಇವತ್ತು ನಾವು ಮಲೇರಿಯಾ ಅನ್ನೋದು ಅದರಲ್ಲೇ ಬರುತ್ತೆ. ಅದಕ್ಕೆ ಸೊಳ್ಳೆ ಕಾರಣ ಅಂತ ತೋರಿಸಿದ್ದು ಇನ್ನೊಬ್ಬ ಸರ್ಜನ್, ರೊನಾಲ್ಡ್ ರಾಸ್, 1897ರಲ್ಲಿ ಸಿಕಂದರಾಬಾದಿನಲ್ಲಿ. ಅದಕ್ಕೆ ಮುಂಚೆ ಕಾಲರಾ ಹತೋಟಿ ಮಾಡೋಕೆ ಅಂತ ಆತ ಬೆಂಗಳೂರಿನಲ್ಲಿದ್ದ. ಬುಕಾನನ್ ಕಾಲಕ್ಕೆ ಅದೆಲ್ಲ ನೂರು ವರ್ಷ ದೂರ. ಜ್ವರದ ಮೇಲೆ ಪ್ರಬಂಧ ಬರೆದವನಿಗೂ ಜ್ವರ ಎಲ್ಲಿಂದ ಬರುತ್ತೆ ಅನ್ನೋದು ಗೊತ್ತಿರಲಿಲ್ಲ.

1794ರಲ್ಲಿ ಅವನು ಕಂಪನಿಯ ಬಂಗಾಳ ವಿಭಾಗದಲ್ಲಿ ಅಸಿಸ್ಟೆಂಟ್ ಸರ್ಜನ್ ಆದ. ಮರುವರ್ಷವೇ ಮೈಕಲ್ ಸೈಮ್ಸ್ ನೇತೃತ್ವದ ನಿಯೋಗದ ಜೊತೆ ಬರ್ಮಾಕ್ಕೆ ಹೋದ. ಹೆಸರಿಗೆ ನಿಯೋಗದ ಡಾಕ್ಟರ್, ಆದ್ರೆ ಗಿಡ, ಭಾಷೆ, ಜನಾಂಗ, ಧರ್ಮ ಎಲ್ಲವನ್ನೂ ಗುರುತು ಹಾಕಿಕೊಂಡು ಬಂದ. 1798ರಲ್ಲಿ ಚಿತ್ತಗಾಂಗ್ ಬೆಟ್ಟಗಳ ಕಡೆ ಕಳಿಸಿದರು. ಅಲ್ಲೂ ಅದೇ ಕೆಲಸ. ಕಾಣಿಸಿದ್ದನ್ನು ಬಿಡದೆ, ಹೇಳಿದ್ದನ್ನು ಮರೆಯದೆ ಬರೆಯೋ ಮನುಷ್ಯ ಇವನು ಅಂತ ಕಲ್ಕತ್ತದ ದೊಡ್ಡವರಿಗೆ ಗೊತ್ತಾಯ್ತು.

ಶ್ರೀರಂಗಪಟ್ಟಣ ಬಿದ್ದ ಮೇಲೆ

1799ರ ಮೇ 4ರಂದು ಟಿಪ್ಪು ಸತ್ತ, ಶ್ರೀರಂಗಪಟ್ಟಣ ಬಿತ್ತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆ ಮೇಲೆ ಕೂರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದರು. ಕರಾವಳಿ, ಕೊಯಮತ್ತೂರು ಮೊದಲಾದ ಸೀಮೆಗಳನ್ನು ಕಂಪನಿಯೇ ಇಟ್ಟುಕೊಂಡಿತು. ಗೆದ್ದದ್ದೇನೋ ಆಯ್ತು, ಆದ್ರೆ ಗೆದ್ದ ನೆಲದಲ್ಲಿ ಏನಿದೆ ಅಂತ ಗೆದ್ದವರಿಗೇ ಸರಿಯಾಗಿ ಗೊತ್ತಿರಲಿಲ್ಲ.

ಅದಕ್ಕೇ ಆ ಒಂದೆರಡು ವರ್ಷದಲ್ಲಿ ಮೈಸೂರಿನ ಮೇಲೆ ಮೂರು ಬೇರೆ ಬೇರೆ ಸರ್ವೆಗಳು ಶುರುವಾದವು. ಕಾಲಿನ್ ಮೆಕೆಂಜಿ ನಕ್ಷೆ ಮಾಡೋಕೆ, ಶಾಸನ ಕೈಫಿಯತ್ತು ಕೂಡಿಸೋಕೆ ಹೊರಟ. ವಿಲಿಯಂ ಲ್ಯಾಂಬ್ಟನ್ 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಬೇಸ್‌ಲೈನ್ ಅಳೆದ. ಮುಂದೆ ಇಡೀ ಭಾರತವನ್ನು ಅಳೆದ ಟ್ರಯಾಂಗ್ಯುಲೇಷನ್ ಸರ್ವೆಯ ಹಿಂದೆ ಅವನ ಈ ಕೆಲಸವೂ ಇದೆ, ಸಿವಿಲ್‌ನವರಿಗೆ ಬೇಸ್‌ಲೈನ್ ಎಷ್ಟು ಮುಖ್ಯ ಅಂತ ನಾವು ಹೇಳಬೇಕಾಗಿಲ್ಲ. ಮೂರನೆಯವನು ಬುಕಾನನ್. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಕೊಟ್ಟ ಆದೇಶದಲ್ಲಿ ಮೊದಲ ಜಾಗ ಬೇಸಾಯಕ್ಕೆ. ಆಮೇಲೆ ದನಕರುಗಳ ತಳಿ, ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿ, ಖನಿಜ, ಕೈಕಸುಬು, ಹವಾಮಾನ, ಕೊನೆಗೆ ಜನರ ಸ್ಥಿತಿಗತಿ. ಆ ಪಟ್ಟಿ ನೋಡಿದ್ರೇ ಸಾಕು, ಯಾರಿಗೆ ಏನು ಬೇಕಿತ್ತು ಅಂತ ತಿಳಿಯುತ್ತೆ. ಕಂಪನಿ ಮೂಲತಃ ಒಂದು ವ್ಯಾಪಾರದ ಸಂಸ್ಥೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಹೊಸ ಮಾರ್ಕೆಟ್‌ಗೆ ಇಳಿಯೋ ಮುಂಚೆ ಅದು ಡೇಟಾ ಕಲೆಕ್ಟ್ ಮಾಡಿಸ್ತಿತ್ತು.

1800ರ ಏಪ್ರಿಲ್ 23ಕ್ಕೆ ಬುಕಾನನ್ ಮದ್ರಾಸಿನಿಂದ ಹೊರಟ. ಮೇ ತಿಂಗಳಲ್ಲಿ ಬೆಂಗಳೂರು ದಾಟಿ ಶ್ರೀರಂಗಪಟ್ಟಣ ಮುಟ್ಟಿದ. ಅಲ್ಲಿ ರೆಸಿಡೆಂಟ್ ಬ್ಯಾರಿ ಕ್ಲೋಸ್ ಮತ್ತು ದಿವಾನ್ ಪೂರ್ಣಯ್ಯನವರ ಸಹಾಯ ಸಿಕ್ಕಿತು. ಊರೂರಿನ ಅಧಿಕಾರಿಗಳಿಗೆ ಇವನಿಗೆ ಮಾಹಿತಿ ಕೊಡಿ ಅಂತ ಅಪ್ಪಣೆ ಹೋಯ್ತು. ಅಲ್ಲಿಂದ ಹದಿನಾಲ್ಕು ತಿಂಗಳು, 1801ರ ಜುಲೈ 6ರವರೆಗೆ, ಮೈಸೂರು, ಕೊಯಮತ್ತೂರು, ಮಲಬಾರ್, ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿರಸಿ, ಇಕ್ಕೇರಿ, ನಗರ, ಚಿತ್ರದುರ್ಗ ಸುತ್ತಿ ಮತ್ತೆ ಮದ್ರಾಸು ಸೇರಿದ.

ಬೆಂಗಳೂರಿಂದ ದೊಡ್ಡಬಳ್ಳಾಪುರಕ್ಕೆ

ಬೆಂಗಳೂರಿನಲ್ಲಿ ಬುಕಾನನ್ ಮಾತಾಡಿಸಿದ್ದು ಹೆಚ್ಚಾಗಿ ವರ್ತಕರನ್ನ, ನೇಕಾರರನ್ನ. ಪಟ್ಟೇಗಾರರು, ಖತ್ರಿಗಳು ರೇಷ್ಮೆ ನೇಯ್ತಾರೆ, ದೇವಾಂಗದವರು ಏನು ನೇಯ್ತಾರೆ, ತೊಗಟರು ಯಾವ ಬಟ್ಟೆ ಮಾಡ್ತಾರೆ, ಯಾವ ಬಣ್ಣ ಯಾವುದರಿಂದ ಬರುತ್ತೆ, ಎಲ್ಲ ಬಿಡಿಸಿ ಬಿಡಿಸಿ ಕೇಳಿದ. ರೇಷ್ಮೆಗೆ ಕೆಂಪು ಹಾಕೋಕೆ ಅರಗು ಹೇಗೆ ಕುದಿಸ್ತಾರೆ ಅನ್ನೋದೂ ಬಿಡಲಿಲ್ಲ. ನಿಜಾಮನ ಸೀಮೆ ಮತ್ತು ಆರ್ಕಾಟಿನ ಕಡೆಯ ವ್ಯಾಪಾರವನ್ನು ಟಿಪ್ಪು ನಿಲ್ಲಿಸಿದ್ದರಿಂದ ಊರಿನ ಪೇಟೆಗೆ ಎಷ್ಟು ಪೆಟ್ಟು ಬಿತ್ತು ಅಂತ ವರ್ತಕರು ಹೇಳಿದ್ದನ್ನು ಬರೆದುಕೊಂಡ.

ಅಲ್ಲಿಂದ ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಆಮೇಲೆ ಮಧುಗಿರಿ, ಶಿರಾ. ಪುಸ್ತಕದಲ್ಲಿ ಒಂದು ಅಧ್ಯಾಯ ದೊಡ್ಡಬಳ್ಳಾಪುರದಲ್ಲಿ ಮುಗಿದ್ರೆ ಮುಂದಿನದು ಅಲ್ಲಿಂದಲೇ ಶುರುವಾಗುತ್ತೆ. ಚಿಕ್ಕಬಳ್ಳಾಪುರದಲ್ಲಿ ಸಕ್ಕರೆ, ಕಲ್ಲುಸಕ್ಕರೆ ಮಾಡೋದನ್ನು ವಿಚಾರಿಸಿದ. ಹಳ್ಳಿಗಳಲ್ಲಿ ರಾಗಿ ಹೊಲವನ್ನು ಎಷ್ಟು ಸಲ ಉಳ್ತಾರೆ, ಗೊಬ್ಬರ ಎಷ್ಟು, ಹಲವು ಸಾಲು ಒಟ್ಟಿಗೇ ಬಿತ್ತೋ ಕೂರಿಗೆ ಹೇಗಿರುತ್ತೆ, ಕಳೆ ತೆಗೆಯೋಕೆ ಕುಂಟೆ ಹೇಗೆ ಹೊಡೀತಾರೆ, ರಾಗಿ ನಡುವೆ ಅವರೆ, ತೊಗರಿ ಅಕ್ಕಡಿ ಸಾಲು ಯಾಕೆ ಹಾಕ್ತಾರೆ, ಇದನ್ನೆಲ್ಲ ನಮ್ಮ ಲ್ಯಾಬ್ ರೆಕಾರ್ಡ್‌ಗಿಂತ ಶಿಸ್ತಾಗಿ ಬರೆದ. ಈ ಸಲಕರಣೆಗಳ ಚಿತ್ರಗಳೂ ಪುಸ್ತಕದಲ್ಲಿವೆ. ಬಾವಿಯಿಂದ ನೀರೆತ್ತೋ ಯಾತ, ಎತ್ತು ಕಟ್ಟಿ ಎಳೆಯೋ ಕಪಿಲೆ, ಇವೆರಡನ್ನೂ ವಿವರಿಸಿದ. ಕೊಳಗ, ಖಂಡುಗ, ಸೇರುಗಳನ್ನೆಲ್ಲ ಬುಷೆಲ್, ಎಕರೆಗೆ ಬದಲಾಯಿಸಿ ಲೆಕ್ಕ ಹಾಕಿದ. ಯೂನಿಟ್ ಕನ್ವರ್ಷನ್ ಅನ್ನೋದು ಅವನಿಗೆ ದಿನದ ಕೆಲಸ.

ಸುಗ್ಗಿ ಆದ ಮೇಲೆ ಕಣದಲ್ಲಿ ರಾಶಿ ಹಂಚೋ ಪದ್ಧತಿಯನ್ನು ಅವನು ಬರೆದಿರೋದು ಓದೋಕೆ ಬಹಳ ಚೆನ್ನಾಗಿದೆ. ಕಾಳಿನ ರಾಶಿಯಿಂದ ಮೊದಲು ದೇವರಿಗೆ, ಪೂಜೆಯವರಿಗೆ, ಬೇಡಿ ಬಂದವರಿಗೆ ಒಂದಿಷ್ಟು. ಆಮೇಲೆ ಕಮ್ಮಾರ, ಅಗಸ, ಕುಂಬಾರ, ಕ್ಷೌರಿಕ, ತಳವಾರ, ನೀರುಗಂಟಿ, ಶಾನುಭೋಗ, ಗೌಡ, ಹೀಗೆ ಊರಿನ ಕೆಲಸ ಮಾಡಿದ ಒಬ್ಬೊಬ್ಬರಿಗೂ ಅವರವರ ಪಾಲು. ಉಳಿದದ್ದರಲ್ಲಿ ಸರ್ಕಾರಕ್ಕೆಷ್ಟು, ಬೆಳೆದವನಿಗೆಷ್ಟು ಅನ್ನೋ ಲೆಕ್ಕ. ದುಡ್ಡು ಕೈಗೆ ಬರದೇನೇ ಒಂದು ಇಡೀ ಊರು ವರ್ಷಪೂರ್ತಿ ಹೇಗೆ ನಡೀತಿತ್ತು ಅಂತ ತಿಳಿಯೋಕೆ ಇಷ್ಟು ಸಾಕು. ಯಾರ ಪಾಲು ದೊಡ್ಡದು, ಯಾರದು ಹಿಡಿಯಷ್ಟು ಅನ್ನೋದೂ ಅಲ್ಲೇ ಕಾಣುತ್ತೆ. ಜಾತಿಯ ಮೇಲು ಕೀಳು ಆ ಕಣದಲ್ಲೂ ಇತ್ತು.

ಮೆಕ್ಯಾನಿಕಲ್ ಮತ್ತು ಮೆಟಲರ್ಜಿ ಆಸಕ್ತಿ ಇರೋರು ಓದಲೇಬೇಕಾದ ಭಾಗ ಮಧುಗಿರಿ ಮತ್ತು ಮಾಗಡಿ ಸೀಮೆಯ ಕಬ್ಬಿಣದ ಕೆಲಸದ್ದು. ಮಳೆ ಬಂದಾಗ ಬೆಟ್ಟದ ಹಳ್ಳಗಳಲ್ಲಿ ಕಪ್ಪು ಮರಳು ಕೊಚ್ಚಿಕೊಂಡು ಬರುತ್ತೆ. ಅದನ್ನು ತೊಳೆದು, ಮಣ್ಣಿನ ಕುಲುಮೆಯಲ್ಲಿ ಇದ್ದಿಲಿನ ಜೊತೆ ಹಾಕಿ, ಚರ್ಮದ ತಿದಿ ಒತ್ತಿ ಕಬ್ಬಿಣ ತೆಗೀತಿದ್ದರು. ಉಕ್ಕು ಬೇಕಾದ್ರೆ ಆ ಕಬ್ಬಿಣದ ತುಂಡನ್ನು ಮಣ್ಣಿನ ಪುಟ್ಟ ಮೂಸೆಯಲ್ಲಿ ಇಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಹಾಕಿ, ಬಾಯಿ ಮುಚ್ಚಿ ಬೆಂಕಿಗೆ ಇಡೋರು. ಆ ಕಡ್ಡಿ ಎಲೆಯಿಂದ ಬರೋ ಇಂಗಾಲ ಕಬ್ಬಿಣದಲ್ಲಿ ಸೇರಿ ಉಕ್ಕಾಗುತ್ತೆ. ಇದೇ ಊಟ್ಜ್ ಅಂತ ಹೊರದೇಶದಲ್ಲಿ ಹೆಸರಾದ ಉಕ್ಕು. ಊಟ್ಜ್ ಅನ್ನೋ ಪದ ನಮ್ಮ ಉಕ್ಕು ಅನ್ನೋದರಿಂದಲೇ ಬಂದದ್ದು ಅಂತ ಹೇಳ್ತಾರೆ. ಬುಕಾನನ್ ಇದ್ದಿಲಿನ ತೂಕ, ಅದಿರಿನ ತೂಕ, ಬಂದ ಕಬ್ಬಿಣ, ಆಳುಗಳ ಕೂಲಿ ಎಲ್ಲ ಹಿಡಿದು ಲೆಕ್ಕ ಹಾಕಿದ. ನಮ್ಮೂರಿನ ಕುಲುಮೆಗಳು ಈಗ ಇಲ್ಲ. ಅವನ ಪುಟಗಳು ಇವೆ.

ಉತ್ತರ ಕೊಟ್ಟವರು

ಎಲ್ಲ ಪ್ರಶ್ನೆಗೂ ಸಲೀಸಾಗಿ ಉತ್ತರ ಸಿಕ್ಕಿತು ಅಂದ್ಕೋಬೇಡಿ. ರೈತರು ಇಳುವರಿಯನ್ನು ಕಮ್ಮಿ ಮಾಡಿ ಹೇಳ್ತಾರೆ ಅನ್ನೋ ಅಸಮಾಧಾನ ಅವನ ಬರಹದಲ್ಲಿ ಮತ್ತೆ ಮತ್ತೆ ಬರುತ್ತೆ. ಅದಕ್ಕೆ ಒಂದೇ ವಿಷಯವನ್ನು ಗೌಡನ ಹತ್ರ, ಶಾನುಭೋಗನ ಹತ್ರ, ರೈತನ ಹತ್ರ ಬೇರೆ ಬೇರೆಯಾಗಿ ಕೇಳಿ ತಾಳೆ ನೋಡ್ತಿದ್ದ. ಸರ್ವೆ ಮಾಡೋನ ದೃಷ್ಟಿಯಿಂದ ಒಳ್ಳೆಯ ಪದ್ಧತಿಯೇ. ಆದ್ರೆ ರೈತನ ಜಾಗದಲ್ಲಿ ನಿಂತು ಒಮ್ಮೆ ನೋಡಿ. ಯುದ್ಧ ಮುಗಿದು ಒಂದು ವರ್ಷ ಆಗಿದೆ. ಗೆದ್ದವರ ಕಡೆಯ ಸಾಹೇಬನೊಬ್ಬ ಡೇರೆ ಹಾಕಿಕೊಂಡು, ನಿನ್ನ ಹೊಲದಲ್ಲಿ ಎಷ್ಟು ಬೆಳೆಯುತ್ತೆ ಅಂತ ದುಭಾಷಿಯ ಮೂಲಕ ಕೇಳ್ತಿದ್ದಾನೆ. ನಿಜ ಹೇಳಿದ್ರೆ ನಾಳೆ ಕಂದಾಯ ಏರುತ್ತೆ ಅನ್ನೋದು ಯಾವ ರೈತನಿಗೆ ಗೊತ್ತಾಗಲ್ಲ? ಕಮ್ಮಿ ಹೇಳಿದ್ದು ದಡ್ಡತನವೂ ಅಲ್ಲ, ಮೋಸವೂ ಅಲ್ಲ. ಅವರ ಅನುಭವ ಕಲಿಸಿದ ಜಾಣತನ.

ಬುಕಾನನ್‌ನ ಕಣ್ಣಿಗೆ ಕಂಪನಿಯ ಕನ್ನಡಕ ಇತ್ತು. ಟಿಪ್ಪುವಿನ ಬಗ್ಗೆ ಕಟುವಾಗಿ ಬರೀತಾನೆ, ಹೊಸ ಆಡಳಿತವನ್ನ, ಪೂರ್ಣಯ್ಯನವರನ್ನ ಹೊಗಳ್ತಾನೆ. ಇಲ್ಲಿನ ಬೇಸಾಯವನ್ನು ಬ್ರಿಟನ್ನಿನ ಬೇಸಾಯದ ಜೊತೆ ಹೋಲಿಸಿ ಕೊಂಕು ತೆಗೀತಾನೆ. ಅವನ ಪುಸ್ತಕ ಓದುವಾಗ ಇದನ್ನು ಮರೀಬಾರದು.

ಆದ್ರೂ ಅವನು ತನಗೆ ಇಷ್ಟವಿಲ್ಲದ್ದನ್ನು ಮುಚ್ಚಿಡೋ ಮನುಷ್ಯ ಆಗಿರಲಿಲ್ಲ. ಬರಗಾಲದ ಬಗ್ಗೆ ಕೇಳಿದಾಗ ಜನ ಹೇಳಿದ್ದು, ಕಾರ್ನ್‌ವಾಲಿಸ್ ದಂಡೆತ್ತಿ ಬಂದಾಗ ಆದಂಥ ಬರ ಮತ್ತೊಂದಿಲ್ಲ ಅಂತ. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ, ಅದೇ ವರ್ಷ ದೇವನಹಳ್ಳಿ, ನಂದಿದುರ್ಗಗಳೂ ಬಿದ್ದವು. ನಾಲ್ಕೂ ಕಡೆಯಿಂದ ಸೈನ್ಯಗಳು ನುಗ್ಗಿ, ಕಾಪಾಡಬೇಕಾದ ಸೈನ್ಯವೂ ಸೂರೆ ಮಾಡಿ, ಆ ಸೀಮೆಯ ಅರ್ಧದಷ್ಟು ಜನ ಹಸಿವಿನಿಂದಲೇ ಸತ್ತರು ಅಂತ ಅವನು ಬರೆದಿಟ್ಟ. ಕಾರ್ನ್‌ವಾಲಿಸ್ ಅಂದ್ರೆ ಕಂಪನಿಯ ಗವರ್ನರ್ ಜನರಲ್. ಬುಕಾನನ್‌ಗೆ ಸಂಬಳ ಕೊಡ್ತಿದ್ದದ್ದು ಅದೇ ಕಂಪನಿ. ತನ್ನ ಕಡೆಯವರೇ ನಡೆಸಿದ ಯುದ್ಧದಿಂದ ಆದ ಸಾವನ್ನು ಸರ್ಕಾರಿ ರಿಪೋರ್ಟಿನಲ್ಲಿ ಬರೆಯೋಕೆ ಸ್ವಲ್ಪ ಧೈರ್ಯ ಬೇಕು. ನಮಗೆ ಅವನ ಮೇಲೆ ಗೌರವ ಹುಟ್ಟೋದು ಇಂಥ ಕಡೆ.

ಗೌರವದ ಜೊತೆ ಒಂದು ಬೇಜಾರೂ ಇದೆ. ಈ ವಿವರ ಹೇಳಿದ ನೇಕಾರ ಯಾರು, ಮೂಸೆ ಮುಚ್ಚಿ ತೋರಿಸಿದ ಕಮ್ಮಾರ ಯಾರು, ಬರದಲ್ಲಿ ಬದುಕಿ ಉಳಿದು ಕಥೆ ಹೇಳಿದವರು ಯಾರು? ಬಹುಮಟ್ಟಿಗೆ ಅವರ ಜಾತಿ ಮತ್ತು ಕಸುಬು ಮಾತ್ರ ಬರೆದಿದ್ದಾನೆ. ಹೆಸರಿಲ್ಲ. ಗಿಡಕ್ಕೆ ಎರಡೆರಡು ಲ್ಯಾಟಿನ್ ಹೆಸರು ಕೊಟ್ಟವನು, ಎದುರು ಕೂತು ಉತ್ತರ ಕೊಟ್ಟವರಿಗೆ ಒಂದು ಹೆಸರನ್ನೂ ಬರೆದುಕೊಳ್ಳಲಿಲ್ಲ.

ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಬಂತು, ದಿನಚರಿಯ ರೂಪದಲ್ಲೇ. ಅದರಲ್ಲಿ ದೊಡ್ಡಬಳ್ಳಾಪುರ ಡೋಡ ಬಾಲಾಪುರ ಆಗಿದೆ, ಕೆರೆ ಕಾರೇ ಆಗಿದೆ, ಕೂರಿಗೆ ಕುರಿಗೇ ಆಗಿದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಇದು ಒಂಥರಾ ವಿಚಿತ್ರ ಅನುಭವ. ಆ ಇಂಗ್ಲಿಷ್ ಸ್ಪೆಲ್ಲಿಂಗನ್ನು ಬಾಯಲ್ಲಿ ಹೇಳಿಕೊಂಡು, ಓ ಇದು ಕುಂಟೆ, ಇದು ಕಪಿಲೆ ಅಂತ ವಾಪಸ್ ಕನ್ನಡಕ್ಕೆ ತಂದುಕೊಳ್ಳಬೇಕು. ನಮ್ಮ ತಾತಂದಿರು ದಿನಾ ಬಳಸ್ತಿದ್ದ ಪದಗಳನ್ನು ನಾವು ಒಬ್ಬ ಸ್ಕಾಟ್ಲೆಂಡಿನ ಡಾಕ್ಟರಿಂದ ಕಲಿಯೋ ಸ್ಥಿತಿ.

ಕಲ್ಕತ್ತ, 1815

ಮೈಸೂರಿನ ಕೆಲಸ ಮುಗಿದ ಮೇಲೆ 1802ರಲ್ಲಿ ಕ್ಯಾಪ್ಟನ್ ನಾಕ್ಸ್ ಜೊತೆ ನೇಪಾಳಕ್ಕೆ ಹೋದ. 1803ರಿಂದ ವೆಲ್ಲೆಸ್ಲಿಯ ಖಾಸಗಿ ಸರ್ಜನ್ ಆಗಿ, ಬ್ಯಾರಕ್‌ಪುರದಲ್ಲಿ ಪ್ರಾಣಿಗಳನ್ನು ಸಾಕಿ ಅಧ್ಯಯನ ಮಾಡೋ ಜಾಗ ನೋಡಿಕೊಂಡ. ಅಲ್ಲಿ ಪ್ರಾಣಿಗಳ ಚಿತ್ರ ಬರೆದವರಲ್ಲಿ ಹಲುದಾರ್ ಅನ್ನೋ ಬಂಗಾಳಿ ಕಲಾವಿದ ಒಬ್ಬ. ಅವನ ಹೆಸರು ಚಿತ್ರಗಳ ಜೊತೆ ಉಳಿದಿದೆ, ಅಪರೂಪಕ್ಕೆ.

1807ರಿಂದ 1814ರವರೆಗೆ ಬಂಗಾಳ ಬಿಹಾರದ ಜಿಲ್ಲೆಗಳ ಸರ್ವೆ. ಮೈಸೂರಿನಲ್ಲಿ ಹದಿನಾಲ್ಕು ತಿಂಗಳು ಮಾಡಿದ್ದನ್ನು ಅಲ್ಲಿ ಏಳು ವರ್ಷ ಮಾಡಿದ. ಪೂರ್ಣಿಯಾ, ಭಾಗಲ್ಪುರ, ಗೋರಖ್‌ಪುರ, ರಂಗ್‌ಪುರ, ಒಂದೊಂದು ಜಿಲ್ಲೆಗೂ ದಪ್ಪ ದಪ್ಪ ವರದಿ. 1814ರಲ್ಲಿ ಅವನು ಬಹಳ ದಿನದಿಂದ ಬಯಸಿದ್ದ ಕಲ್ಕತ್ತ ಸಸ್ಯೋದ್ಯಾನದ ಜವಾಬ್ದಾರಿ ಸಿಕ್ಕಿತು. ಆದ್ರೆ ಅಷ್ಟು ಹೊತ್ತಿಗೆ ದೇಹ ಸೋತಿತ್ತು. ಮರುವರ್ಷವೇ ಊರಿಗೆ ಹೊರಟ.

ಹೊರಡೋ ಮುಂಚೆ ಒಂದು ಅವಮಾನ ಕಾದಿತ್ತು. ಇಷ್ಟು ವರ್ಷ ಕಲಾವಿದರಿಂದ ಬರೆಸಿದ ಗಿಡ, ಪ್ರಾಣಿಗಳ ಚಿತ್ರಗಳನ್ನು ಜೊತೆಗೆ ತಗೊಂಡು ಹೋಗೋ ಹಾಗಿಲ್ಲ, ಅವು ಸರ್ಕಾರದ ಸ್ವತ್ತು, ಇಲ್ಲೇ ಬಿಡಬೇಕು ಅಂತ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಕಡೆಯಿಂದ ಅಪ್ಪಣೆ ಆಯ್ತು. ಇಪ್ಪತ್ತು ವರ್ಷದ ಕೆಲಸದ ಒಂದು ದೊಡ್ಡ ಪಾಲು ಕಲ್ಕತ್ತದಲ್ಲೇ ಉಳೀತು. ಮೈಸೂರಿನ ಕುಲುಮೆಯ ಗುಟ್ಟು, ಕಣದ ಲೆಕ್ಕ, ನೇಕಾರರ ಬಣ್ಣ, ಇದೆಲ್ಲ ಕಂಪನಿಗೆ ಸೇರಿದ್ದು ಅಂತ ಬರೆದುಕೊಂಡು ಹೋದವನಿಗೆ, ಅದೇ ಕಂಪನಿ ನಿನ್ನದೂ ನಿನ್ನದಲ್ಲ ಅಂತ ಹೇಳಿತು.

ಬಂಗಾಳದ ವರದಿಗಳ ಕಥೆ ಇನ್ನೂ ಕೆಟ್ಟದ್ದು. ಲಂಡನ್ನಿನ ಕಂಪನಿ ಆಫೀಸಿನಲ್ಲಿ ಅವು ವರ್ಷಗಟ್ಟಲೆ ಧೂಳು ತಿಂದವು. ಬುಕಾನನ್ ಸತ್ತು ಒಂಬತ್ತು ವರ್ಷ ಆದ ಮೇಲೆ, 1838ರಲ್ಲಿ, ಮಾಂಟ್‌ಗೊಮರಿ ಮಾರ್ಟಿನ್ ಅನ್ನೋನು ಅವನ್ನು ಕತ್ತರಿಸಿ ಮೂರು ಸಂಪುಟ ಮಾಡಿ ತನ್ನ ಹೆಸರಿನಲ್ಲಿ ಪ್ರಕಟಿಸಿದ. ಮುಖಪುಟದಲ್ಲಿ ಬುಕಾನನ್‌ನ ಹೆಸರೇ ಇರಲಿಲ್ಲ. ಪ್ರಾಜೆಕ್ಟ್ ಪೂರ್ತಿ ಒಬ್ಬ ಮಾಡಿ, ರಿಪೋರ್ಟಿನ ಮೇಲೆ ಇನ್ನೊಬ್ಬನ ಹೆಸರು ಬರೋದು ನಮಗೆ ಹೊಸದೇನೂ ಅಲ್ಲ ಬಿಡಿ.

ಎರಡು ಹೆಸರಿನ ಮನುಷ್ಯ

ಸ್ಕಾಟ್ಲೆಂಡಿಗೆ ಹೋದ ಮೇಲೆ ತಾಯಿ ಕಡೆಯ ಆಸ್ತಿ ಬಂತು. ಅದರ ಜೊತೆಗೆ ತಾಯಿಯ ಮನೆತನದ ಹೆಸರು ಹ್ಯಾಮಿಲ್ಟನ್ ಅನ್ನೋದನ್ನೂ ಇಟ್ಟುಕೊಂಡ. 1819ರಲ್ಲಿ ನೇಪಾಳದ ಪುಸ್ತಕ, 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ಬಂತು. ಮೀನುಗಳಿಗೆ ವೈಜ್ಞಾನಿಕ ಹೆಸರು ಇಡುವಾಗ ಅವನು ಬಹಳ ಕಡೆ ಬೆಸ್ತರು ಕರೆಯೋ ಹೆಸರನ್ನೇ ಉಳಿಸಿದ. ರೋಹು ಮೀನು ರೋಹಿತ ಆಯ್ತು, ಕಾಟ್ಲಾ ಕಾಟ್ಲಾ ಆಗೇ ಉಳೀತು, ಹಿಲ್ಸಾ ಇಲಿಶ ಆಯ್ತು. ಇವತ್ತು ನಮ್ಮ ಕೆರೆಗಳಲ್ಲಿ ಸಾಕೋ ರೋಹು, ಕಾಟ್ಲಾದ ಶಾಸ್ತ್ರೀಯ ಹೆಸರಿನ ಪಕ್ಕದಲ್ಲಿ ಹ್ಯಾಮಿಲ್ಟನ್, 1822 ಅಂತ ಇರುತ್ತೆ.

ಅದೇ ಪುಸ್ತಕದಲ್ಲಿ ಪಟ್ಟೆಪಟ್ಟೆ ಇರೋ ಒಂದು ಪುಟ್ಟ ಮೀನಿಗೆ ರೇರಿಯೋ ಅಂತ ಹೆಸರಿಟ್ಟ. ಬಯೋಟೆಕ್ ವಿಭಾಗದ ಗೆಳೆಯರಿಗೆ ಅದು ಚೆನ್ನಾಗಿ ಗೊತ್ತು. ಅದೇ ಜೀಬ್ರಾಫಿಶ್. ಭ್ರೂಣ ಪಾರದರ್ಶಕವಾಗಿರೋದರಿಂದ ಹೃದಯ, ನರ ಬೆಳೆಯೋದನ್ನು ಮೈಕ್ರೋಸ್ಕೋಪಿನಲ್ಲಿ ನೇರವಾಗಿ ನೋಡಬಹುದು. ಹಾಗಾಗಿ ಜಗತ್ತಿನ ಲ್ಯಾಬುಗಳಲ್ಲೆಲ್ಲ ಅದನ್ನು ಸಾಕ್ತಾರೆ. ಅದರ ಹೆಸರಿನ ಪಕ್ಕದ ಹ್ಯಾಮಿಲ್ಟನ್ ಮತ್ತು ದೊಡ್ಡಬಳ್ಳಾಪುರದಲ್ಲಿ ರಾಗಿ ಲೆಕ್ಕ ಕೇಳಿದ ಬುಕಾನನ್ ಇಬ್ಬರೂ ಒಬ್ಬನೇ. ಇನ್ನೊಂದು ಗುರುತು ನಮ್ಮ ಸಿಹಿತಿಂಡಿ ಮೇಲಿದೆ. ಪಾಯಸ, ಶ್ರೀಖಂಡಕ್ಕೆ ಹಾಕೋ ಚಾರೋಳಿಯ ಮರದ ಕುಲಕ್ಕೆ ಬುಕನಾನಿಯ ಅಂತ ಇವನ ಹೆಸರೇ ಇದೆ.

1829ರ ಜೂನ್ 15ರಂದು ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ. ವಯಸ್ಸು 67.

ನಾವು ಬರೆಯೋದಾದ್ರೆ

ಬುಕಾನನ್ ಒಳ್ಳೆಯವನೋ ಕೆಟ್ಟವನೋ ಅಂತ ನಾವು ನಮ್ಮಲ್ಲೇ ಬಹಳ ವಾದ ಮಾಡಿದ್ವಿ. ಅವನ ಕೆಲಸ ಕಂಪನಿಯ ಆಳ್ವಿಕೆಗೆ ನೆರವಾಯ್ತು ಅನ್ನೋದು ನಿಜ. ಅವನು ಬರೆಯದೇ ಹೋಗಿದ್ರೆ ಮಾಗಡಿ ಕುಲುಮೆಯ ಲೆಕ್ಕ, ಬೆಂಗಳೂರು ನೇಕಾರರ ಬಣ್ಣ, ಕಾರ್ನ್‌ವಾಲಿಸ್ ಬರದಲ್ಲಿ ಸತ್ತವರ ಮಾತು ಇಷ್ಟು ವಿವರವಾಗಿ ನಮಗೆ ಸಿಗ್ತಿರಲಿಲ್ಲ ಅನ್ನೋದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ಅವನನ್ನು ಓದಬೇಕು ಅನ್ನೋ ತೀರ್ಮಾನಕ್ಕೆ ಬಂದಿದ್ದೇವೆ.

ಇವತ್ತು ಹೊಸಕೋಟೆ, ನೆಲಮಂಗಲ, ದೇವನಹಳ್ಳಿ, ದೊಡ್ಡಬಳ್ಳಾಪುರ ಎಲ್ಲ ನಮ್ಮ ಕಣ್ಣೆದುರೇ ಬದಲಾಗ್ತಿವೆ. ಹೊಲ ಲೇಔಟ್ ಆಗ್ತಿದೆ, ವಿಮಾನ ನಿಲ್ದಾಣದ ಸುತ್ತ ದ್ರಾಕ್ಷಿ ತೋಟಗಳು ಹೋಗ್ತಿವೆ, ಕೆರೆಗೆ ತೂಬು ಯಾವ ಕಡೆ ಇತ್ತು ಅಂತ ಹೇಳಬಲ್ಲವರಿಗೆ ಎಂಬತ್ತು ವರ್ಷ ದಾಟಿದೆ. ಅವರನ್ನು ಕೇಳಿ ಬರೆದುಕೊಳ್ಳೋಕೆ ಯಾವ ಗವರ್ನರ್ ಜನರಲ್ ಆದೇಶವೂ ಬೇಕಾಗಿಲ್ಲ, ದುಭಾಷಿಯೂ ಬೇಕಾಗಿಲ್ಲ. ನಮಗೆ ಕನ್ನಡ ಬರುತ್ತೆ.

ಮುಂದಿನ ಸೆಮಿಸ್ಟರ್‌ನಲ್ಲಿ ಸರ್ವೆ ಕ್ಯಾಂಪಿಗೆ ಹೋಗೋ ಸಿವಿಲ್ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ಲೆವೆಲ್, ಥಿಯೊಡಲೈಟ್ ರೀಡಿಂಗ್ ಜೊತೆಗೆ ಆ ಊರಿನ ಒಬ್ಬ ಹಿರಿಯರನ್ನು ಮಾತಾಡಿಸಿ ಒಂದು ಪುಟ ಕನ್ನಡದಲ್ಲಿ ಬರೆದು ತನ್ನಿ. ಕೆರೆಯೋ, ಮಗ್ಗವೋ, ಕುಲುಮೆಯೋ, ಯಾವುದಾದ್ರೂ ಸರಿ. ಈ ಪತ್ರಿಕೆಯಲ್ಲಿ ಹಾಕೋಣ. ಪುಟದ ಮೇಲೆ, ಅವರು ಒಪ್ಪಿದ್ರೆ, ನಿಮ್ಮ ಹೆಸರಿಗಿಂತ ಮೊದಲು ಅವರ ಹೆಸರು ಇರಲಿ.